ಮಧುಮೇಹಚಿಕಿತ್ಸೆಯಲ್ಲಿ ದ್ವೀಪಕಾರೋಪಣದ ಇತಿಹಾಸ

ಮಧುಮೇಹವೆಂಬ ವ್ಯಾಧಿಯ ಹೆಸರು ಭರತಖಂಡದ ವೈದ್ಯಶಾಸ್ತ್ರದಲ್ಲಿ ಅತಿಪ್ರಾಚೀನವಾದುದೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಚರಕ ಸುಶ್ರುತ ಸಂಹಿತೆಗಳೆರಡೂ ಪ್ರಮೇಹಗಳನ್ನು ೨೦ ವಿಧವಾಗಿ ಎಣಿಸಿವೆ. ಸುಶ್ರುತಸಂಹಿತೆಯು ಅವನ್ನು ಸಹಜ, ಅಪಥ್ಯನಿಮಿತ್ತಜ ಎಂದು ಎರಡಾಗಿ ವಿಂಗಡಿಸುತ್ತದೆ. ಬೀಜದೋಷದಿಂದ ಬಂದುದು ಅಸಾಧ್ಯವೆಂದು ಚರಕಸಂಹಿತೆಯು ನಿರ್ಣಯಿಸುತ್ತದೆ. ಈ ಸಹಜಪ್ರಮೇಹವೇ ಇಂದಿನ ವೈದ್ಯರು ಹೇಳುವ ಒಂದನೆಯ ವರ್ಗದ ಮಧುಮೇಹವೆಂದು ಸಾಧಿಸಹೊರಡುವುದು ಯುಕ್ತವಲ್ಲ. ಆದರೆ ಅದೇ ಸುಶ್ರುತಸಂಹಿತೆಯ ನಾಸಾಸಂಧಾನವಿಧಿಯು ಇಲ್ಲಿ ಸ್ಮರಣೀಯವಾಗಿದೆ. ಛಿನ್ನವಾದ ಮೂಗಿಗೆ ಎಲೆಯಿಂದ ಅಳತೆ ತೆಗೆದು, ಆ ಪ್ರಮಾಣದ ಮಾಂಸವನ್ನು ರೋಗಿಯ ಕಪೋಲದಿಂದಲೇ ಎತ್ತಿ ಕೂಡಿಸಬೇಕೆಂದು ಅಲ್ಲಿ ವಿಧಿಸಿದೆ. ಸ್ವಕೀಯವಾದುದನ್ನು ದೇಹವು ಅಂಗೀಕರಿಸುತ್ತದೆ; ಪರಕೀಯವಾದುದನ್ನು ಅಂಗೀಕರಿಸುವುದೇ? ಮಧುಮೇಹಿಗಳಿಗೆ ಹೊಸ ಕಣಗಳನ್ನು ಕೂಡಿಸುವ ಪ್ರಯತ್ನದ ಇತಿಹಾಸವೆಲ್ಲವೂ ಈ ಪ್ರಶ್ನೆಯ ಸುತ್ತಲೇ ನಡೆದಿರುತ್ತದೆ.

ಮೇದೋಜೀರಕ ಗ್ರಂಥಿಯೊಳಗೆ ಚದರಿಕೊಂಡಿರುವ ಸೂಕ್ಷ್ಮ ಕಣಸಮೂಹಗಳನ್ನು ಮೊದಲು ವರ್ಣಿಸಿದವನು ಪಾಲ್ ಲಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ. ಕ್ರಿ. ಶ. ೧೮೬೯ರಲ್ಲಿ ಬರ್ಲಿನ್ನಿನಲ್ಲಿ ತನ್ನ ಪ್ರಬಂಧವನ್ನು ಒಪ್ಪಿಸಿದಾಗ ಆತನಿಗೆ ೨೧ ವರ್ಷ. ಅವುಗಳ ಪ್ರಯೋಜನವೇನೆಂಬುದನ್ನು ಆತನು ಹೇಳಲಿಲ್ಲ. ೧೮೯೩ರಲ್ಲಿ ಫ್ರಾನ್ಸಿನ ಲಾಗೆಸ್ಸನು ಅವನ್ನು ಲಾಂಗರ್‌ಹಾನ್ಸನ ದ್ವೀಪಕಗಳೆಂದು ಕರೆದನು. ಲ್ಯಾಟಿನ್ ಭಾಷೆಯಲ್ಲಿ ದ್ವೀಪಕ್ಕೆ ‘ಇನ್ಸುಲಾ’ ಎಂದು ಹೆಸರು. ಇನ್ಸುಲಿನ್ ಎಂಬ ಪದವು ಅದರಿಂದಲೇ ನಿಷ್ಪನ್ನವಾದುದು.

೧೮೮೯ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬಿಬ್ಬರು ನಾಯಿಯ ಮೇದೋಜೀರಕವನ್ನು ತೆಗೆದುಹಾಕಲು, ಅದಕ್ಕೆ ಮಧುಮೇಹವುಂಟಾಯಿತು. ಮೂಲವು ತಿಳಿದೊಡನೆ ಚಿಕಿತ್ಸೆಗೂ ಕೈಹಾಕಿದರು. ೧೮೯೩ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು ಮರಣೋನ್ಮುಖನಾಗಿದ್ದ ೧೫ ವರ್ಷದ ಬಾಲಕನ ಚರ್ಮದ ಕೆಳಗೆ ಕುರಿಯ ಮೇದೋಜೀರಕದ ತುಂಡುಗಳನ್ನಿಟ್ಟರು. ಮೂರು ದಿನಗಳಲ್ಲಿ ಅವನು ಮೃತನಾದನು. ಪರಕೀಯವಾದುದನ್ನು ದೇಹವು ಏಕೆ ತಾಳದೆಂಬುದು ಆ ಕಾಲಕ್ಕೆ ಅಜ್ಞಾತವಾಗಿದ್ದಿತು.

೧೯೨೨ರ ಜನವರಿಯಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಇನ್ಸುಲಿನ್ನನ್ನು ಮೊದಲು ಮನುಷ್ಯನಿಗೆ ಚುಚ್ಚಿದ ಬಳಿಕ ಮಧುಮೇಹಿಗಳ ಪ್ರಾಣವುಳಿಯಿತು. ಆರೋಪಣದ ಯೋಚನೆಯು ಹಿಂದೆ ಸರಿಯಿತು. ಆದರೆ ಸೂಜಿಯು ರೋಗವನ್ನು ಕಳೆಯಲಿಲ್ಲ, ಪ್ರಮಾಣವು ಮೀರಿದರೆ ರಕ್ತದ ಸಕ್ಕರೆಯು ಕುಸಿದು ಮೂರ್ಛೆಯೂ ಉಂಟಾಗುವುದು. ಈ ಮಧ್ಯೆ ೧೯೪೩ರಲ್ಲಿ ಗ್ಲಾಸ್ಗೋ ನಗರದ ಗಿಬ್ಸನ್ ಮತ್ತು ಮೆಡಾವರ್ ಎಂಬವರು ಬೆಂಕಿಯಿಂದ ಸುಟ್ಟ ರೋಗಿಗೆ ಪರರ ಚರ್ಮವನ್ನು ಎರಡು ಬಾರಿ ಕೂಡಿಸಿ ನೋಡಿದರು. ಎರಡನೆಯದು ಮೊದಲನೆಯದಕ್ಕಿಂತ ಬೇಗನೆ ನಾಶವಾಯಿತು. ದೇಹವು ಪರಕೀಯವನ್ನು ಗುರುತಿಟ್ಟುಕೊಂಡು ತಿರಸ್ಕರಿಸುತ್ತದೆಂಬ ತತ್ತ್ವವು ಇದರಿಂದ ವ್ಯಕ್ತವಾಯಿತು.

೧೯೬೭ರಲ್ಲಿ ಅಮೇರಿಕದ ಸೇಂಟ್ ಲೂಯಿಯಲ್ಲಿ ಪಾಲ್ ಲೇಸಿ ಮತ್ತು ಮೇರಿ ಕೋಸ್ಟಿಯಾನೋವ್‌ಸ್ಕಿ ಎಂಬವರು ಇಲಿಯ ಗ್ರಂಥಿಯನ್ನು ಕೊಲಾಜಿನೇಸ್ ಎಂಬ ಪಾಚಕದ್ರವ್ಯದಿಂದ ಸಡಿಲಿಸಿ ದ್ವೀಪಕಗಳನ್ನು ಬೇರ್ಪಡಿಸಿದರು. ಮುಂದೆ ಅವನ್ನು ಯಕೃತ್ತಿಗೆ ರಕ್ತವನ್ನೊಯ್ಯುವ ದ್ವಾರಸಿರೆಯಲ್ಲಿ ಬಿಡುವ ಕ್ರಮವು ರೂಢವಾಯಿತು. ೧೯೭೭ರಲ್ಲಿ ಮಿನೆಸೋಟಾ ವಿಶ್ವವಿದ್ಯಾನಿಲಯದಲ್ಲಿ, ಉರಿಯೂತದಿಂದ ಬಳಲಿದ ಗ್ರಂಥಿಯನ್ನು ತೆಗೆದ ರೋಗಿಗೆ ಅದರ ದ್ವೀಪಕಗಳನ್ನೇ ಹಿಂದಕ್ಕೆ ಕೊಟ್ಟರು. ಸ್ವಕೀಯವಾದುದರಿಂದ ತಿರಸ್ಕಾರವನ್ನು ತಡೆಯುವ ಔಷಧವು ಬೇಕಾಗಲಿಲ್ಲ. ಸುಶ್ರುತಸಂಹಿತೆಯ ಕಪೋಲಮಾಂಸದ ನ್ಯಾಯವೇ ಇಲ್ಲಿಯೂ ಸಂದಿತು.

ಪರರ ದ್ವೀಪಕಗಳ ವಿಷಯವು ಹೀಗಿರಲಿಲ್ಲ. ೧೯೯೦ರಿಂದ ಮುಂದೆ ನಡೆದ ೨೬೭ ಆರೋಪಣಗಳಲ್ಲಿ ಶೇಕಡಾ ೮.೨ ಮಾತ್ರವೇ ಒಂದು ವರ್ಷಕ್ಕೆ ಮಿಕ್ಕಿ ಸೂಜಿಯನ್ನು ತಪ್ಪಿಸಿದ್ದುವು. ೨೦೦೦ದಲ್ಲಿ ಕೆನಡಾದ ಎಡ್ಮಂಟನ್ ನಗರದ ಜೇಮ್ಸ್ ಶಪೀರೋ ಮತ್ತು ಆತನ ಸಹಕಾರಿಗಳು, ಸಕ್ಕರೆಯನ್ನೇರಿಸುವ ಸ್ಟೆರಾಯ್ಡ್ ಔಷಧಗಳನ್ನು ತ್ಯಜಿಸಿ, ಒಬ್ಬೊಬ್ಬ ರೋಗಿಗೆ ಇಬ್ಬರು ಅಥವಾ ಹೆಚ್ಚು ಮೃತದಾನಿಗಳ ದ್ವೀಪಕಗಳನ್ನು ಕೊಟ್ಟು, ೭ ಮಂದಿಯಲ್ಲಿ ೭ ಮಂದಿಯನ್ನೂ ಇನ್ಸುಲಿನ್ನಿನಿಂದ ಬಿಡಿಸಿದರು. ಲೋಕವು ಬೆರಗಾಯಿತು. ಆದರೆ ೨೦೦೬ರಲ್ಲಿ ಪ್ರಕಟವಾದ ೩೬ ಮಂದಿಯ ಪರೀಕ್ಷೆಯಲ್ಲಿ ವರ್ಷಾಂತ್ಯಕ್ಕೆ ಬಿಡುಗಡೆ ಹೊಂದಿದವರು ೧೬. ಅವರಲ್ಲಿ ಎರಡನೆಯ ವರ್ಷಕ್ಕೆ ಉಳಿದವರು ೫. ಎಡ್ಮಂಟನ್ನಿನ ಸಿದ್ಧಿಯನ್ನು ಹೇಳುವವರು ಈ ಎರಡನೆಯ ಲೆಕ್ಕವನ್ನೂ ಹೇಳಬೇಕಾದುದು ನ್ಯಾಯ. ಮೃತದಾನಿಗಳ ದ್ವೀಪಕಗಳಿಂದಾದ ಚಿಕಿತ್ಸೆಗೆ ಅಮೇರಿಕದ ಔಷಧಾಧಿಕಾರಿಗಳು ಅನುಮತಿಯಿತ್ತುದು ೨೦೨೩ರಲ್ಲಿ.

ಒಂದನೆಯ ವರ್ಗದ ಮಧುಮೇಹದಲ್ಲಿ ಇನ್ನೊಂದು ವಿಪರ್ಯಾಸವಿದೆ. ಅಲ್ಲಿ ದೇಹವು ತನ್ನ ದ್ವೀಪಕಣಗಳನ್ನೇ ಪರಕೀಯವೆಂದು ಭ್ರಮಿಸಿ ಕೊಲ್ಲುತ್ತದೆ. ಆದುದರಿಂದ ಸ್ವಕೀಯವಾದುದಕ್ಕೂ ಅಭಯವಿಲ್ಲ. ೨೦೨೪ರಲ್ಲಿ ಚೀನಾದೇಶದ ವೈದ್ಯರು ಒಬ್ಬ ತರುಣಿಯ ಕಣಗಳಿಂದಲೇ ಹೊಸ ದ್ವೀಪಕಗಳನ್ನು ಬೆಳೆಸಿ ಆಕೆಯ ಉದರದಲ್ಲಿ ನೆಟ್ಟು ಸೂಜಿಯನ್ನು ಬಿಡಿಸಿದುದನ್ನು ಪ್ರಕಟಿಸಿದರು. ಆದರೆ ಆಕೆಯು ಹಿಂದೆಯೇ ಪರರ ಯಕೃತ್ತನ್ನು ಪಡೆದು ತಿರಸ್ಕಾರನಿರೋಧಕ ಔಷಧಗಳನ್ನು ಸೇವಿಸುತ್ತಿದ್ದಳಾದುದರಿಂದ, ಅವಿಲ್ಲದೆ ಆ ಕಣಗಳು ಉಳಿಯುತ್ತಿದ್ದುವೆಂದು ಹೇಳಲಾಗದು. ೨೦೨೫ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮೂಲಕಣಗಳಿಂದ ಬೆಳೆಸಿದ ದ್ವೀಪಕಗಳನ್ನು ಪೂರ್ಣಪ್ರಮಾಣದಲ್ಲಿ ಪಡೆದ ೧೨ ಮಂದಿಯಲ್ಲಿ ೧೦ ಮಂದಿ ವರ್ಷಾಂತ್ಯಕ್ಕೆ ಇನ್ಸುಲಿನ್ನಿಲ್ಲದೆ ಇದ್ದರು. ಅವರಿಗೂ ಆ ಔಷಧಗಳು ತಪ್ಪಲಿಲ್ಲ. ಅದೇ ವರ್ಷ ಸ್ವೀಡನ್ನಿನ ವೈದ್ಯರು, ಪರಕೀಯವೆಂದು ತಿಳಿಯದಂತೆ ಬೀಜಾಂಶಗಳನ್ನು ತಿದ್ದಿದ ಕಣಗಳನ್ನು ಒಬ್ಬನ ಮುಂದೋಳಿನಲ್ಲಿ ಅಲ್ಪಪ್ರಮಾಣದಲ್ಲಿ ನೆಟ್ಟುದನ್ನು ಪ್ರಕಟಿಸಿದರು. ಔಷಧವಿಲ್ಲದೆಯೇ ಅವು ೧೨ ವಾರಗಳು ಜೀವಿಸಿದ್ದುವು. ಆದರೂ ಅವನಿಗೆ ಸೂಜಿಯು ನಿಲ್ಲಲಿಲ್ಲ.

ಆಯುರ್ವೇದಾಚಾರ್ಯರು ಅಸಾಧ್ಯವ್ಯಾಧಿಗಳಲ್ಲಿಯೇ ಯಾಪ್ಯವೆಂಬ ಒಂದು ಭೇದವನ್ನು ಹೇಳಿರುತ್ತಾರೆ: ಚಿಕಿತ್ಸೆಯು ನಡೆಯುವವರೆಗೆ ರೋಗಿಯು ಬದುಕುವನು, ನಿಂತರೆ ರೋಗವು ಮರಳುವುದು. ಇನ್ಸುಲಿನ್ನು ಈ ಮಧುಮೇಹವನ್ನು ಯಾಪ್ಯವನ್ನಾಗಿ ಮಾಡಿತು. ಪರರ ದ್ವೀಪಕಗಳನ್ನು ಪಡೆದವನು ಸೂಜಿಯನ್ನು ಬಿಟ್ಟರೂ, ಸೋಂಕಿಗೆ ಎಡೆಗೊಡುವ ಮತ್ತೊಂದು ಔಷಧಕ್ಕೆ ಕಟ್ಟುಬೀಳುವುದರಿಂದ ಅವನ ರೋಗವೂ ಇನ್ನೂ ಯಾಪ್ಯವೇ. ರಕ್ತದ ಸಕ್ಕರೆಯು ಅರಿವಿಲ್ಲದೆ ಕುಸಿದು ಪ್ರಾಣಭಯವುಳ್ಳವರಿಗೆ ಈ ವಿನಿಮಯವು ಲಾಭವೇ ಸರಿ. ಉಳಿದವರ ವಿಷಯದಲ್ಲಿ ಹಾಗೆ ನಿರ್ಣಯಿಸಲಾಗದು. ಔಷಧವಿಲ್ಲದೆ ದೇಹವು ಆ ದ್ವೀಪಕಗಳನ್ನು ತನ್ನವೆಂದು ಧರಿಸಿ ಬಹುಕಾಲ ಪೋಷಿಸಿದಂದೇ ಈ ವ್ಯಾಧಿಯು ಸಾಧ್ಯವರ್ಗಕ್ಕೆ ಸೇರಿತೆಂದು ಹೇಳಬಹುದು.