ಅಪ್ಪನ ಕಾರಿಗೆ 15 ತುಂಬಿತು

ಹೋದ ಸಲ ಊರಿಗೆ ಹೋದಾಗ ಅಪ್ಪ ಮಾರುತಿ 800ರ ಆರ್‌ಸಿ ತಂದು ಕೈಗಿಟ್ರು. "ಮುಂದಿನ ತಿಂಗ್ಳು ಮುಗೀತದಂತೆ. ಏನ್ಮಾಡಣ?" ಕ್ಲಚ್ ಪ್ಲೇಟು, ಬ್ರೇಕು, ತುಕ್ಕು ತಿಂದ ತಳಕ್ಕೆ ವೆಲ್ಡಿಂಗು ಎಲ್ಲಾ ಸೇರಿ ಗ್ಯಾರೇಜಿನವರು 22 ಸಾವಿರ ಹೇಳಿದ್ರಂತೆ. ಮಾರಿದ್ರೆ 40 ಸಾವಿರ ಸಿಕ್ಕರೆ ಪುಣ್ಯ. ನಾನು ಲ್ಯಾಪ್‌ಟಾಪಲ್ಲಿ ಎಕ್ಸೆಲ್ ಶೀಟ್ ತೆರೆದು ಲೆಕ್ಕ ಶುರುಮಾಡಿದೆ. ಅಪ್ಪನಿಗೆ ಲೆಕ್ಕವೇ ಬೇಕಿರಲಿಲ್ಲ. ಓಡೋ ಗಾಡೀನ ಯಾಕೋ ಮಾರ್ತಾರೆ ಅಂದ್ರು.

ಅವರನ್ನು ಹಳೇ ಕಾಲದವರು ಅಂತ ತಳ್ಳಿಹಾಕೋದು ಸುಲಭ. ಆದರೆ ಇಟ್ಕೊಳ್ಳೋದಾ, ಬದಲಾಯಿಸೋದಾ ಅನ್ನೋ ಗೊಂದಲವೇ ನಮ್ಮ ದೇಶಕ್ಕೆ ಹೊಸದು. ಲೈಸೆನ್ಸ್ ರಾಜ್ ಕಾಲದಲ್ಲಿ ಯಾವ ಕಂಪನಿ ಎಷ್ಟು ಕಾರು ಮಾಡಬಹುದು ಅಂತ ದೆಹಲಿ ತೀರ್ಮಾನಿಸುತ್ತಿತ್ತು. ಕಲ್ಕತ್ತಾ ಪಕ್ಕದ ಉತ್ತರಪಾರಾದಿಂದ ಅಂಬಾಸಿಡರ್, ಬೊಂಬಾಯಿಯಿಂದ ಫಿಯೆಟ್, ಮದ್ರಾಸಿನಿಂದ ಸ್ಟ್ಯಾಂಡರ್ಡ್, ಹೆಚ್ಚೂಕಮ್ಮಿ ಅಷ್ಟೇ. ದುಡ್ಡಿದ್ರೂ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕು. ಇರೋದನ್ನ ಮಾರಿದ್ರೆ ಮುಂದಿನದು ಯಾವಾಗಲೋ! ಹಾಗಾಗಿ ಬೋರ್ ಮಾಡ್ಸು, ರಿಂಗ್ ಹಾಕ್ಸು, ಪೇಂಟ್ ಹೊಡ್ಸು, ಓಡ್ಸು. ಅಂಬಾಸಿಡರ್ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. 1950ರ ದಶಕದ ಕೊನೆಯಿಂದ 2014ರ ತನಕ ಅದರ ಮೈಕಟ್ಟು ಬಹುಪಾಲು ಹಾಗೇ ಇತ್ತು. ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಬಗ್ಗೆ ನಾವು ಮೀಟಿಂಗ್ ಮೇಲೆ ಮೀಟಿಂಗ್ ಮಾಡ್ತೀವಿ. ಇವರು ಹೆಚ್ಚೂಕಮ್ಮಿ ಅರವತ್ತು ವರ್ಷ ಸುಮ್ನೆ ಪಾಲಿಸಿದ್ರು, ಪೈಪೋಟಿ ಇಲ್ಲದ ಕಾರಣಕ್ಕೆ.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀ ಕೊಟ್ಟರು. 796 ಸಿಸಿ, ಮೂರು ಸಿಲಿಂಡರ್. 1991ರ ನಂತರ ಬೇರೆ ಕಂಪನಿಗಳೂ ಬಂದವು, ಸಾಲವೂ ಸುಲಭವಾಯ್ತು. ಆಗ ಹುಟ್ಟಿಕೊಂಡಿದ್ದೇ ನನ್ನ ಎಕ್ಸೆಲ್ ಶೀಟು.

ಇನ್ನು ಈ 15 ವರ್ಷ. ಆಫೀಸಲ್ಲಿ ಕೇಳಿದ್ರೆ ಅರ್ಧ ಜನ "15 ಆಯ್ತಾ, ಗುಜರಿಗೆ ಹಾಕು" ಅಂದ್ರು. ಅದು ದೆಹಲಿ ಸುದ್ದಿ ಕೇಳಿದ ಪರಿಣಾಮ. ಅಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳನ್ನು ಓಡಿಸಬಾರದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, ಹೊಗೆ ಕಾರಣಕ್ಕೆ. ನಮ್ಮಲ್ಲಿರೋದು 1988ರ ಮೋಟಾರು ವಾಹನ ಕಾಯ್ದೆ. ಅದು ಹೇಳೋದು ಇಷ್ಟು: ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಗಾಡಿ ಗಟ್ಟಿಯಿದ್ರೆ ಐದೈದು ವರ್ಷಕ್ಕೆ ನವೀಕರಿಸಬಹುದು. ಕಾನೂನು ಬೇಡ ಅನ್ನಲಿಲ್ಲ, ಆದರೆ 2022ರ ಏಪ್ರಿಲ್‌ನಲ್ಲಿ ನವೀಕರಣದ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ಜೇಬಿನ ಮೂಲಕ ಹೇಳೋದು ಅಂದ್ರೆ ಇದೇ.

ಅಪ್ಪನ ವಾದವೇ ಗೆಲ್ಲುತ್ತಿತ್ತು, ಒಂದು ವಿಷಯ ಬಿಟ್ಟು. 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ ಬಿಎಸ್-4 ಬಂದಾಗ 800 ಅಲ್ಲಿ ಮಾರಾಟ ನಿಲ್ಲಿಸಿತು. 2014ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. ಹೊಸ ಕಾರಿಗೆ ಎಬಿಎಸ್, ಏರ್‌ಬ್ಯಾಗ್ ಕಡ್ಡಾಯವಾಗಿದ್ದು 2019ರಲ್ಲಿ. ಅಂದರೆ ನಮ್ಮ ಗಾಡಿ ಅದಕ್ಕೂ ಮೊದಲಿನ ಲೋಕದ್ದು. ಅದರಲ್ಲಿ ನಾಲ್ಕು ವರ್ಷದ ಮಗಳನ್ನು ಕೂರಿಸಿ ತುಮಕೂರು ರಸ್ತೆಯಲ್ಲಿ ಲಾರಿಗಳ ನಡುವೆ ನುಗ್ಗಿದ್ದೀನಿ. ಎಕ್ಸೆಲ್ ಶೀಟಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

"ಬ್ರೇಕ್ ಮೊದ್ಲು ಮಾಡ್ಸಪ್ಪ, ಎಫ್‌ಸಿಗೆ ನಾನೇ ರಜೆ ಹಾಕ್ತೀನಿ. ಆದ್ರೆ ಹೈವೇಗೆ ಬೇಡ. ನಾವು ಟ್ರೈನಲ್ಲಿ ಬರ್ತೀವಿ, ನೀವು ತಿಪಟೂರು ಸ್ಟೇಷನ್ನಿಗೆ ಬನ್ನಿ" ಅಂದೆ.

ಅಪ್ಪ ಆರ್‌ಸಿ ಮಡಚಿ ಜೇಬಿಗಿಟ್ಕೊಂಡ್ರು. "ಸ್ಟೇಷನ್ನಿಗೆ ಹೋಗಕ್ಕೂ ಹೈವೇ ದಾಟ್ಬೇಕಲ್ಲೋ."