ರಾಷ್ಟ್ರೀಯ ಸೇವಾ ಯೋಜನೆ

ರಾಷ್ಟ್ರೀಯ ಸೇವಾ ಯೋಜನೆ (ಎನ್ನೆಸ್ಸೆಸ್): ಸಮುದಾಯ ಸೇವೆಯ ಮೂಲಕ ವಿದ್ಯಾರ್ಥಿಗಳ ವ್ಯಕ್ತಿತ್ವ ರೂಪಿಸುವ ಭಾರತ ಸರ್ಕಾರದ ಕಾರ್ಯಕ್ರಮ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಚಾಲನೆ ನೀಡಿದವರು ಅಂದಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್, ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಅರ್ಥಶಾಸ್ತ್ರಜ್ಞರು. ಕೊನಾರ್ಕದ ರಥಚಕ್ರ ಇದರ ಲಾಂಛನ.

ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು. ಆದರೆ ಯೋಜನೆಯ ಜೀವಾಳವಿರುವುದು ಏಳು ದಿನಗಳ ವಿಶೇಷ ಶಿಬಿರದಲ್ಲಿ. ಕಾಲೇಜಿನ ಎನ್ನೆಸ್ಸೆಸ್ ಘಟಕ ದತ್ತು ಪಡೆದ ಗ್ರಾಮದ ಶಾಲಾ ಕೊಠಡಿಯಲ್ಲೇ ವಾಸ್ತವ್ಯ. ಬೆಳಿಗ್ಗೆ ಶ್ರಮದಾನ: ಚರಂಡಿ ಹೂಳೆತ್ತುವುದು, ಇಂಗುಗುಂಡಿ ತೋಡುವುದು, ಸಸಿ ನೆಡುವುದು. ಸಂಜೆ ಊರಿನವರ ಮುಂದೆ ಬೀದಿನಾಟಕ, ಜಾಗೃತಿ ಗೀತೆ. ಅಡುಗೆ, ಪಾತ್ರೆ ತೊಳೆಯುವುದು, ಖರ್ಚಿನ ಲೆಕ್ಕ ಬರೆಯುವುದು ಸರದಿಯಂತೆ ತಂಡಗಳ ಪಾಲು. ಮನೆಯಲ್ಲಿ ತಟ್ಟೆ ಎತ್ತಿಡದ ಹುಡುಗನೂ ಇಲ್ಲಿ ನೂರು ಜನರ ಸಾರಿಗೆ ತರಕಾರಿ ಹೆಚ್ಚಲು ಕೂರುತ್ತಾನೆ. ಮನೆಮನೆ ಸಮೀಕ್ಷೆಗೆ ಹೋದಾಗ ಅಪರಿಚಿತ ಹಿರಿಯರನ್ನು ಮಾತಿಗೆಳೆಯುವುದು, ಪಡಿತರ, ಪಿಂಚಣಿ, ಕುಡಿಯುವ ನೀರಿನ ತೊಂದರೆಗಳನ್ನು ಸಹನೆಯಿಂದ ಕೇಳುವುದು ರೂಢಿಯಾಗುತ್ತದೆ. ಪೌರಪ್ರಜ್ಞೆಗೆ ಇದಕ್ಕಿಂತ ಗಟ್ಟಿ ಪಾಠ ತರಗತಿಯಲ್ಲಿ ಸಿಗುವುದು ಕಷ್ಟ. ರಕ್ತದಾನ, ಮತದಾರರ ಜಾಗೃತಿ, ನೆರೆ ಪರಿಹಾರದ ಕೆಲಸಗಳಲ್ಲೂ ಸ್ವಯಂಸೇವಕರು ತೊಡಗುತ್ತಾರೆ.

ಘಟಕದ ಹೊಣೆ ಹೊರುವ ಕಾರ್ಯಕ್ರಮಾಧಿಕಾರಿ ಬೋಧನೆಯ ಜೊತೆಗೇ ಈ ಕೆಲಸವನ್ನೂ ನಿಭಾಯಿಸುವ ಅಧ್ಯಾಪಕರು. ಶಿಬಿರದ ಗುಣಮಟ್ಟ ಬಹುಮಟ್ಟಿಗೆ ಅವರನ್ನೇ ಅವಲಂಬಿಸಿದೆ. ಪಿಯು ಕಾಲೇಜುಗಳಲ್ಲೂ ಘಟಕಗಳಿವೆ. ಅತ್ಯುತ್ತಮ ಸ್ವಯಂಸೇವಕರಿಗೆ ಮತ್ತು ಘಟಕಗಳಿಗೆ ಕೇಂದ್ರ ಸರ್ಕಾರ ರಾಷ್ಟ್ರೀಯ ಪ್ರಶಸ್ತಿ ನೀಡುತ್ತದೆ.