ಜೊಜಿಲಾದಿಂದ ನಿಕೋಸಿಯಾವರೆಗೆ: ಜನರಲ್ ಕೆ.ಎಸ್. ತಿಮ್ಮಯ್ಯನವರ ಸೇನಾ ಜೀವನ

ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಜನಿಸಿದರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಮತ್ತು ಡೆಹ್ರಾಡೂನಿನ ಸೈನಿಕ ಕಾಲೇಜಿನ ನಂತರ ಸ್ಯಾಂಡ್‌ಹರ್ಸ್ಟ್‌ಗೆ ಹೋಗಿ, 1926ರಲ್ಲಿ ಸೇನಾಧಿಕಾರಿಯಾದರು. ಬೆಂಗಳೂರಿನ ದಂಡಿನಲ್ಲಿದ್ದ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯಲ್ಲಿ ಆರಂಭದ ಸೇವೆ; ಆಮೇಲೆ, ಮುಂದೆ ಕುಮಾಂವ್ ಎಂಬ ಹೆಸರು ಪಡೆದ 19ನೇ ಹೈದರಾಬಾದ್ ರೆಜಿಮೆಂಟು. 1945ರಲ್ಲಿ ಬರ್ಮಾದ ಅರಾಕಾನಿನ ಕಾಂಗಾವ್ ಕದನದಲ್ಲಿ ಬೆಟಾಲಿಯನ್ ಮುನ್ನಡೆಸಿ ಡಿ.ಎಸ್.ಓ. ಪದಕ ಪಡೆದರು. ಎರಡನೆಯ ಮಹಾಯುದ್ಧದ ರಣರಂಗದಲ್ಲಿ ಪದಾತಿ ಬ್ರಿಗೇಡೊಂದರ ದಳಪತಿಯಾಗಿದ್ದ ಏಕೈಕ ಭಾರತೀಯ ಅವರೇ.

ಅವರ ವೃತ್ತಿಜೀವನವನ್ನು ಅಳೆಯಲು 1948ರ ಜೊಜಿಲಾ ಕಾರ್ಯಾಚರಣೆಗಿಂತ ಉತ್ತಮ ಆಧಾರವಿಲ್ಲ. ಆ ವರ್ಷ, ಪಾಕಿಸ್ತಾನದೊಡನೆ ನಡೆದ ಕಾಶ್ಮೀರ ಯುದ್ಧದಲ್ಲಿ, ಸುಮಾರು 11,500 ಅಡಿ ಎತ್ತರದ ಈ ಕಣಿವೆ, ದ್ರಾಸ್, ಕಾರ್ಗಿಲ್ ಶತ್ರುಗಳ ವಶವಾಗಿ, ಲೇಹ್‌ಗೆ ನೆಲದ ದಾರಿ ಕಡಿದುಹೋಗಿತ್ತು. ಸೆಪ್ಟೆಂಬರಿನಲ್ಲಿ ನಡೆದ ಪದಾತಿ ದಾಳಿಗಳು ಬಂಡೆಗಳ ಮರೆಯ ಮೆಷಿನ್‌ಗನ್‌ಗಳ ಮುಂದೆ ಸೋತವು. 19ನೇ ಡಿವಿಷನ್ನಿನ ನಾಯಕರಾಗಿದ್ದ ತಿಮ್ಮಯ್ಯ ಟ್ಯಾಂಕುಗಳನ್ನೇ ಮೇಲೆ ಹತ್ತಿಸಲು ನಿರ್ಧರಿಸಿದರು. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಗೋಪುರ ಬಿಚ್ಚಿ, ಗುರುತು ಸಿಗದಂತೆ ಮುಚ್ಚಿ ಸಾಗಿಸಲಾಯಿತು. ಬಾಲ್ತಾಲ್‌ನಿಂದ ಕಣಿವೆಯವರೆಗಿನ ಹೇಸರಗತ್ತೆಯ ಹಾದಿಯನ್ನು ಟ್ಯಾಂಕು ಹೋಗುವಷ್ಟು ಅಗಲಗೊಳಿಸಿದವರು, ಬೆಂಗಳೂರಿನ ಹಲಸೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಯೋಧರು. ಈ ಜಯದಲ್ಲಿ ಅವರ ಪಾಲಿಗೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲ. ನವೆಂಬರ್ 1ರಂದು ಮಂಜು ಬೀಳುತ್ತಿರುವಾಗಲೇ ಟ್ಯಾಂಕುಗಳು ನುಗ್ಗಿದವು. ಡಿವಿಷನ್ನಿನ ನಾಯಕರು ಮುಂಚೂಣಿಯ ಟ್ಯಾಂಕಿನಲ್ಲಿದ್ದರು. ಅಷ್ಟೆತ್ತರದಲ್ಲಿ ಟ್ಯಾಂಕು ಎದುರಾದೀತೆಂದು ಎದುರಾಳಿಗಳು ಎಣಿಸಿಯೇ ಇರಲಿಲ್ಲ. ಅದೇ ತಿಂಗಳು ದ್ರಾಸ್ ಮತ್ತು ಕಾರ್ಗಿಲ್ ಕೈಸೇರಿದವು. ಮುಂಚೂಣಿಯ ಧೈರ್ಯ ಇಲ್ಲಿ ಎದ್ದು ಕಾಣುತ್ತದೆ, ನಿಜ. ಆದರೆ ಗೆಲುವಿನ ಬೇರಿರುವುದು ಗುಟ್ಟು ಬಿಡದೆ ನಡೆಸಿದ ಸಿದ್ಧತೆಯಲ್ಲಿ.

1953ರಲ್ಲಿ ಕೊರಿಯಾದಲ್ಲಿ ಒದಗಿದ ಹೊಣೆ ಬೇರೆಯೇ ಬಗೆಯದು. ಸ್ವದೇಶಕ್ಕೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಯುದ್ಧಕೈದಿಗಳ ವಿಚಾರವನ್ನು ಐದು ತಟಸ್ಥ ರಾಷ್ಟ್ರಗಳ ಆಯೋಗ ನಿರ್ವಹಿಸಬೇಕಿತ್ತು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್, ಜೆಕೊಸ್ಲೊವಾಕಿಯಾ ಇನ್ನೊಂದು ಕಡೆ ವಾಲುತ್ತಿದ್ದಾಗ ಅಧ್ಯಕ್ಷರಾದ ತಿಮ್ಮಯ್ಯನವರ ಮತವೇ ನಿರ್ಣಾಯಕವಾಗುತ್ತಿತ್ತು. ಯಾವ ಕೈದಿಯನ್ನೂ ಬಲವಂತವಾಗಿ ಕಳುಹಿಸಬಾರದೆಂಬ ನಿಲುವನ್ನು ಅವರು ಸಡಿಲಿಸಲಿಲ್ಲ. 1954ರಲ್ಲಿ ಪದ್ಮಭೂಷಣ ಬಂತು.

1957ರ ಮೇ ತಿಂಗಳಲ್ಲಿ ಭೂಸೇನೆಯ ಮುಖ್ಯಸ್ಥರಾದರು. ಬಡ್ತಿಗಳ ವಿಚಾರದಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ನರೊಡನೆ ಮನಸ್ತಾಪ ಬೆಳೆದು, 1959ರ ಆಗಸ್ಟ್ ಕೊನೆಗೆ ರಾಜೀನಾಮೆ ಸಲ್ಲಿಸಿದರು. ನೆಹರೂ ಮನವೊಲಿಸಿದ ಮೇಲೆ ಹಿಂತೆಗೆದುಕೊಂಡರು. ಈ ಒಂದು ಪ್ರಸಂಗದಿಂದಲೇ ಅವರನ್ನು ಅಳೆಯುವುದು ಅನ್ಯಾಯ. ತಮ್ಮ ನಂತರ ಎಸ್.ಪಿ.ಪಿ. ಥೋರಟ್ ಮುಖ್ಯಸ್ಥರಾಗಲೆಂಬ ಅವರ ಶಿಫಾರಸನ್ನು ಸರ್ಕಾರ ಮನ್ನಿಸಲಿಲ್ಲ. 1961ರ ಮೇ ತಿಂಗಳಲ್ಲಿ ಪಿ.ಎನ್. ಥಾಪರ್ ಅಧಿಕಾರ ವಹಿಸಿಕೊಂಡರು; ಮರುವರ್ಷವೇ ಚೀನಾ ಯುದ್ಧ ಎರಗಿತು.

ನಿವೃತ್ತಿಯ ಬಳಿಕ 1964ರಲ್ಲಿ ವಿಶ್ವಸಂಸ್ಥೆ ಅವರನ್ನು ಸೈಪ್ರಸ್‌ನ ಶಾಂತಿಪಾಲನಾ ಪಡೆಯ ದಂಡನಾಯಕರನ್ನಾಗಿ ನೇಮಿಸಿತು. ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ನಡುವಿನ ಆ ಹೊಣೆಯಲ್ಲಿದ್ದಾಗಲೇ, 1965ರ ಡಿಸೆಂಬರ್ 18ರಂದು ನಿಕೋಸಿಯಾದಲ್ಲಿ ತೀರಿಕೊಂಡರು. 1966ರಲ್ಲಿ ಸೈಪ್ರಸ್ ಸರ್ಕಾರ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು. ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು.